ತೊಟ್ಟಿಗೆ ಬಂದ ಹೊಸಬಳು

"ಏ ಅಪೇಕ್ಷಾ, ಬೇಗ ಬಾ. ನೀನು ತಂದ ಹೂವಿನ ಸ್ವಾಗತಕ್ಕೆ ಇವೆಲ್ಲ ಸರ ಹಾಕ್ಕೊಂಡು ಕೂತಿದ್ದಾವೆ," ಎಂದು ಪ್ರಫುಲ್ಲಾ ಗಲ್ಲಾಪೆಟ್ಟಿಗೆಯ ಬಳಿಯಿಂದಲೇ ಸೊಸೆಯನ್ನು ಕೂಗಿದಳು.

ಮಾರ್ಕೆಟ್ ಯಾರ್ಡಿನ ಹಮಾಲರು ಚಹಾ ಕುಡಿದು ಹೋಗಿ ಹೊಟೇಲು ತುಸು ಬಿಡುವಾಗಿತ್ತು. ಗಲ್ಲಾಪೆಟ್ಟಿಗೆಯ ಪಕ್ಕದ ಗಾಜಿನ ತೊಟ್ಟಿಯಲ್ಲಿ ಪ್ರಫುಲ್ಲಾಳ ಕಡಲಹೂಗಳಿದ್ದವು. ಹೆಸರಿಗೆ ಹೂ, ಜಾತಿಯಲ್ಲಿ ಪ್ರಾಣಿ. ಎಷ್ಟೋ ವರ್ಷಗಳ ಹಿಂದೆ ತನ್ನೂರು ಕಾಪುವಿನ ಕಡಲ ಬಂಡೆಯಿಂದ ಒಂದನ್ನು ಹಾಲಿನ ಕ್ಯಾನಿನಲ್ಲಿ ತಂದಿದ್ದಳು. ಅದು ಒಡೆದು ಎರಡಾಗಿ, ಎರಡು ನಾಲ್ಕಾಗಿ, ಈಗ ಕಲ್ಲಿನ ತುಂಬ ಮೈಗೆ ಮೈ ತಾಗಿಸಿ ಕೂತಿದ್ದವು. "ಕೂಡಿ ಬಾಳುದನ್ನು ಇವುಗಳಿಂದ ಕಲಿಬೇಕು," ಎಂದು ಬಂದವರಿಗೆಲ್ಲ ಉಪದೇಶ ಬೇರೆ.

ಉಪದೇಶವೆಲ್ಲ ಮಗ ಚೇತನನ ಕಿವಿಗೆ ಬೀಳಲೆಂದೇ. ಊರಿನ ಇನ್ನೊಂದು ತುದಿಯ ಖರಾಡಿಯಲ್ಲಿ ಅವನು ಹೊಟೇಲಿನ ಹೊಸ ಶಾಖೆ ತೆರೆದಿದ್ದ. ಹೆಂಡತಿಯನ್ನು ಕರೆದುಕೊಂಡು ಅಲ್ಲೇ ಮನೆ ಮಾಡುತ್ತೇನೆ ಎನ್ನುತ್ತಿದ್ದ. "ನಾನು ಸತ್ತ ಮೇಲೆ ಮಾಡು," ಎಂಬುದು ಪ್ರಫುಲ್ಲಾಳ ಉತ್ತರ. ಸೊಸೆಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ, ಪ್ರೀತಿಯಿತ್ತು. ತೊಂದರೆಯಿದ್ದದ್ದೇ ಅಲ್ಲಿ. ತುಳು ಬಾರದ ಹೊನ್ನಾವರದ ಹುಡುಗಿ ಒಂಟಿಯಾಗಬಾರದೆಂದು ದಿನವಿಡೀ ಅವಳ ಬೆನ್ನಿಗೇ ಇರುತ್ತಿದ್ದಳು. ಸೊಸೆ ಸಾರಿಗೆ ಉಪ್ಪು ಹುಡುಕುವಷ್ಟರಲ್ಲಿ ಅತ್ತೆ ಹಾಕಿ ಆಗಿರುತ್ತಿತ್ತು.

ತವರಿಗೆ ಹೋಗಿದ್ದ ಅಪೇಕ್ಷಾ ನಿನ್ನೆ ಮರಳುವಾಗ ಅತ್ತೆಯ ಖುಷಿಗೆಂದು ಅಲ್ಲಿನ ಬಂಡೆಯಿಂದ ಒಂದು ಕಡಲಹೂ ತಂದಿದ್ದಳು.

"ತುದಿಗೆ ಇಡ್ಲಾ ಅತ್ತೆ?"

"ತುದಿಗೆ ಎಂತಕ್ಕೆ? ಅದೇನು ಬಾಡಿಗೆಗೆ ಬಂದದ್ದಾ? ಎಲ್ಲರ ನಡುವೆ ಇರ್ಲಿ," ಎಂದು ಪ್ರಫುಲ್ಲಾ ತಾನೇ ಅದನ್ನು ನಟ್ಟನಡುವೆ ಕೂರಿಸಿದ್ದಳು.

ಈಗ ಅದರ ಸುತ್ತಲಿನ ಹಳಬರೆಲ್ಲ ಉಬ್ಬಿ ನಿಂತಿದ್ದರು. ಕೊರಳ ಸುತ್ತ ಬಿಳಿ ಮಣಿಗಳು, ಮದುವೆಮನೆಗೆ ಹೊರಟ ಹೆಂಗಸರ ಮುತ್ತಿನ ಸರದ ಹಾಗೆ. ಅಪೇಕ್ಷಾ ಬಗ್ಗಿ ನೋಡಿದಳು.

"ಅತ್ತೆ, ಇದರ ಮೈಮೇಲೆ ಎಂತದೋ ಅಂಟ್ಕಂಡದೆ."

ಹಳೆಯದೊಂದು ನಿಧಾನವಾಗಿ ಬಾಗಿ, ತನ್ನ ಮಣಿಗಳನ್ನು ಹೊಸದರ ಮೈಗೆ ಒತ್ತಿತು. ಮೇಲೆದ್ದಾಗ ಅಲ್ಲಿ ಬಿಳಿಯ ಪೊರೆಯೊಂದು ಉಳಿದಿತ್ತು. ಹೊಸದು ಮುದುಡಿ ಮುದುಡಿ ಗೋಲಿಯಷ್ಟಾಗಿತ್ತು.

ಪಕ್ಕದಲ್ಲೇ ನಿಂತಿದ್ದ ಚೇತನ ಮೊಬೈಲಿನಲ್ಲಿ ಹುಡುಕಿದ. "ಅಮ್ಮಾ, ಅದು ಸರ ಅಲ್ಲ. ಕುಟುಕುವ ಚೀಲವಂತೆ. ನಮ್ಮವೆಲ್ಲ ಒಂದೇ ಮೈ ಒಡೆದು ಆದವು, ಅದಕ್ಕೆ ತಮ್ಮೊಳಗೆ ಸುಮ್ಮನಿರುದು. ಹೊರಗಿನದ್ದು ತಾಗಿದ್ರೆ ಹೀಗೆ ಮಾಡ್ತವೆ. ಜಾಗ ಇದ್ರೆ ಅದು ತಾನೇ ಸರಿದು ದೂರ ಹೋಗ್ತಿತ್ತಂತೆ."

ಪ್ರಫುಲ್ಲಾ ತೊಟ್ಟಿಯ ಮೇಲೆ ಇನ್ನಷ್ಟು ಬಗ್ಗಿದಳು. ನಡುವೆ ಕೂರಿಸಿದವಳು ತಾನೇ ಅಲ್ಲವೇ? ಗಾಜನ್ನೇ ನೋಡುತ್ತಿದ್ದ ಅಪೇಕ್ಷಾಳ ಕಣ್ಣು ತುಂಬಿತ್ತು. ಅದು ಬರೀ ಕಡಲಹೂವಿಗಾಗಿ ಬಂದ ಅಳುವಲ್ಲ ಎಂದು ತಿಳಿಯಲು ಪ್ರಫುಲ್ಲಾಳಿಗೆ ಮೊಬೈಲು ಬೇಕಾಗಲಿಲ್ಲ.

ಬಳೆ ಮೇಲೆ ಸರಿಸಿ ಅವಳು ನೀರಿಗೆ ಕೈಯಿಳಿಸಿದಳು. ಹೊಸದರ ಬುಡಕ್ಕೆ ಉಗುರು ತೂರಿಸಿ, ಮೆಲ್ಲಗೆ ಎಬ್ಬಿಸಿ, ತೊಟ್ಟಿಯದೇ ನೀರು ತುಂಬಿದ ಪಾತ್ರೆಗೆ ಬಿಟ್ಟಳು.

"ಬದುಕ್ತದ್ಯಾ ಅತ್ತೆ?"

"ಬದುಕ್ತದೆ. ಅದಕ್ಕೆ ಬೇರೆ ಕಲ್ಲು ಬೇಕು, ಅಷ್ಟೇ." ಆಮೇಲೆ ಯಾರ ಮುಖವನ್ನೂ ನೋಡದೆ ಕೇಳಿದಳು, "ಚೇತನಾ, ಖರಾಡಿಯಲ್ಲಿ ನೀನು ನೋಡಿಟ್ಟ ಆ ಮನೆ ಇನ್ನೂ ಖಾಲಿ ಉಂಟಾ?"

"ಉಂಟು," ಎಂದ ಮಗ, ನಂಬಿಕೆಯಾಗದವನ ಹಾಗೆ.

"ಹಾಗಾದ್ರೆ ಇವತ್ತೇ ಮಾತಾಡು."

ಅವಳ ಬೆರಳುಗಳು ಕೆಂಪಾಗಿ ಉರಿಯುತ್ತಿದ್ದವು. ಅಪೇಕ್ಷಾ ಆ ಒದ್ದೆ ಕೈಯನ್ನು ಹಿಡಿದು, ತನ್ನ ದುಪಟ್ಟಾದಿಂದ ಒಂದೊಂದೇ ಬೆರಳನ್ನು ಒರೆಸತೊಡಗಿದಳು. ನಾನೇ ಒರೆಸ್ಕೊಳ್ತೇನೆ ಬಿಡು ಎಂಬ ಮಾತು ಪ್ರಫುಲ್ಲಾಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ಕೈಯನ್ನು ಸೊಸೆಗೆ ಬಿಟ್ಟು ನಿಂತಳು.