ಕೈಮಾತು

ಬನಹಟ್ಟಿಯ ಸಾವಕ್ಕನ ಮಗಳು ಮಂಗಲಾಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಶಿಕ್ಷಣ ಇಲಾಖೆಯ ಆದೇಶದಂತೆ ಮನೆಯವರಿಗೆ ಕೈಸನ್ನೆ ಕಲಿಸಲು ರಾಜಶ್ರೀ ಟೀಚರು ಚಿತ್ರಪಟ ಹಿಡಿದು ಬಂದರು. ಒಳಗೆ ನಾಲ್ಕು ಪಾವರ್‌ಲೂಮ್ ಮಗ್ಗಗಳು ಓಡುತ್ತಿದ್ದವು. ಟೀಚರು ಕೂಗಿ ಹೇಳಿದ್ದು ಅವರಿಗೇ ಕೇಳಿಸಲಿಲ್ಲ. ಆ ಸದ್ದಿನಲ್ಲಿ ಬಾಯಿ ಬಿಟ್ಟು ಪ್ರಯೋಜನವಿಲ್ಲವೆಂದು ಮನೆಯವರು ಅಜ್ಜನ ಕಾಲಕ್ಕೇ ತಿಳಿದುಕೊಂಡಿದ್ದರು. ಎಳೆ ಹರಿದದ್ದು, ಚಹಾ ಬೇಕಾದದ್ದು, ಪಕ್ಕದ ಮನೆಯ ಜಗಳ, ಎಲ್ಲವನ್ನೂ ಕೈಗಳೇ ಹೇಳುತ್ತಿದ್ದವು. ಅದರಲ್ಲಿ ಮಂಗಲಾ ಎಲ್ಲರಿಗಿಂತ ಚುರುಕು.

ಅವಳು ಕೈಯಾಡಿಸಿ ಟೀಚರನ್ನು ಏನೋ ಕೇಳಿದಳು. ಅರ್ಥವಾಗದೆ ಟೀಚರು ಸುಮ್ಮನೆ ನಕ್ಕರು. ಹುಡುಗಿ ತಾಯಿಯತ್ತ ತಿರುಗಿ ಮತ್ತೆ ಕೈಯಾಡಿಸಿದಳು.

ಅಷ್ಟರಲ್ಲಿ ಕರೆಂಟು ಹೋಗಿ ಮಗ್ಗಗಳು ನಿಂತವು.

“ಏನಂತಾಳ್ರೀ?” ಎಂದು ಟೀಚರು ಕೇಳಿದರು.

ಸಾವಕ್ಕ ಸಂಕೋಚದಿಂದ ಹೇಳಿದಳು: “ಪಾಪ, ಟೀಚರಿಗೆ ಮನ್ಯಾಗ ಯಾರೂ ಮಾತು ಕಲಿಸಿಲ್ಲೇನು ಅಂತ ಕೇಳಾಕತ್ತಾಳ್ರಿ.”