ಮೂಲೆಗೆ ಹೂ ಹೊಲಿಸಿಕೊಂಡ ಆಫ್ರಿಕಾ

ನಾನು ಆಫ್ರಿಕಾ ಖಂಡದ ಒಂದು ಗೋಡೆ ಭೂಪಟ. ಮೂರೂವರೆ ಅಡಿ ಅಗಲ, ನಾಲ್ಕೂವರೆ ಅಡಿ ಉದ್ದ. ಬೆನ್ನಿಗೆ ದಪ್ಪ ಬಟ್ಟೆ, ಮೈಗೆ ವಾರ್ನಿಶ್, ತಲೆಗೂ ಕಾಲಿಗೂ ಒಂದೊಂದು ಮರದ ಕೋಲು. ನೋಡುವವರಿಗೆ ದೊಡ್ಡ ಆಳು. ಒಳಗೆ ಮಾತ್ರ ನಾನು ಹುಟ್ಟು ಪುಕ್ಕಲು.

ಈ ಪುಕ್ಕಲುತನ ಛಾಪಖಾನೆಯಲ್ಲೇ ಅಂಟಿಕೊಂಡಿತು. ಅಲ್ಲಿ ಪ್ರೂಫ್ ನೋಡುವ ಒಬ್ಬ ಮುದುಕರಿದ್ದರು. ನನ್ನನ್ನು ಮೇಜಿನ ಮೇಲೆ ಹರಡಿ, ಬೆರಳಿಟ್ಟುಕೊಂಡು ಒಂದೊಂದೇ ಹೆಸರು ಓದಿದರು. ನೈಲ್ ಸರಿ, ಕಾಂಗೋ ಸರಿ, ಸಹಾರಾ ಸರಿ, ಕಿಲಿಮಂಜಾರೋ ಸರಿ. ಆಮೇಲೆ ಕನ್ನಡಕ ತೆಗೆದು, "ಮಕ್ಕಳು ಇದನ್ನೇ ನಿಜ ಅಂತ ನಂಬ್ತಾವೆ ಕಣ್ರಯ್ಯ. ತಪ್ಪಿದ್ರೆ ಪಾಪ ನಮಗೇ" ಅಂದರು. ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ನೆಮ್ಮದಿ ಹೋಯಿತು. ನನ್ನ ಮೈಮೇಲೆ ಎಲ್ಲಾದರೂ ತಪ್ಪಿದ್ದರೆ ಏನು ಗತಿ?

ತಪ್ಪು ಇತ್ತು. ಅದು ಅಕ್ಷರದಲ್ಲಿ ಇರಲಿಲ್ಲ. ಕೆಳಗೆ ಎಡಗಡೆಯ ಮೂಲೆಯಲ್ಲಿ 'ಆಫ್ರಿಕಾದ ಜನ' ಎಂದು ಬರೆದು, ಅದರ ಮೇಲೆ ಒಂದು ಚಿತ್ರ ಹಾಕಿದ್ದರು. ಸೊಂಟಕ್ಕೆ ಸೊಪ್ಪು ಸುತ್ತಿಕೊಂಡು, ಭರ್ಚಿ ಹಿಡಿದು, ಹಲ್ಲು ಕಿರಿಯುತ್ತ ನಿಂತ ಒಬ್ಬ ಗಂಡಸು. ಅಷ್ಟು ದೊಡ್ಡ ಖಂಡದ ಕೋಟಿಗಟ್ಟಲೆ ಜನಕ್ಕೆಲ್ಲ ಅವನೊಬ್ಬನೇ. ಚಿತ್ರಗಾರ ಅದನ್ನು ಯಾವುದೋ ಹಳೆಯ ಪುಸ್ತಕ ನೋಡಿ ಬರೆದಿದ್ದ. ಆ ಪುಸ್ತಕದವನು ಇನ್ನೂ ಹಳೆಯದೊಂದನ್ನು ನೋಡಿ ಬರೆದಿದ್ದನಂತೆ. ಮುದುಕರು 'ಜನ' ಎಂಬ ಅಕ್ಷರ ಓದಿ ಸರಿ ಹಾಕಿದರು. ಚಿತ್ರಕ್ಕೆ ಪ್ರೂಫ್ ನೋಡುವ ಪದ್ಧತಿ ಆ ಛಾಪಖಾನೆಯಲ್ಲಿ ಇರಲಿಲ್ಲ.

ಮೊದಲು ನಾನು ಸೇರಿದ್ದು ಧಾರವಾಡದ ಒಂದು ಶಾಲೆ. ಉಳಿದ ಸಾಮಾನುಗಳು ಯಜಮಾನರನ್ನು ಕೆಳಗಿನಿಂದ ನೋಡುತ್ತವೆ. ನಾನು ಮೊಳೆಗೆ ನೇತುಬೀಳುವವನಾದ್ದರಿಂದ ನನಗೆ ಕಂಡದ್ದೆಲ್ಲ ಬೈತಲೆಗಳೇ. ಕಾತರಕಿ ಬಾಯಾರು ಎಂಬ ಶಿಕ್ಷಕಿ ಕೋಲು ಹಿಡಿದು ನನ್ನನ್ನು ಓದಿಸುತ್ತಿದ್ದರು. "ಭೂಮಧ್ಯರೇಖೆ ಸರಿಯಾಗಿ ನಡುವ ಹಾಯ್ದ ಖಂಡ ಯಾವುದು? ಮರುಭೂಮಿಯೂ ಇದ್ದು, ದಟ್ಟ ಕಾಡೂ ಇದ್ದು, ತಲೆ ಮ್ಯಾಲ ಹಿಮ ಹೊತ್ತ ಗುಡ್ಡಾನೂ ಇದ್ದದ್ದು ಯಾವುದು?" ಮಕ್ಕಳು ಹುಲ್ಲುಗಾವಲಿನ ಜಿರಾಫೆ, ಕಾಂಗೋ ಕಾಡಿನ ಗೊರಿಲ್ಲಾ, ಕೆರೆಯಲ್ಲಿ ಮೂಗು ಮಾತ್ರ ತೋರಿಸುವ ನೀರಾನೆಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಮೂಲೆಯ ಗಂಡಸನ್ನು ನೋಡಿ ಕಿಸಕ್ಕನೆ ನಗುತ್ತಿದ್ದರು. ಅಲ್ಲಿ ನಗುವವರಿದ್ದರು, ನೋಯುವವರು ಇರಲಿಲ್ಲ. ಹಾಗಾಗಿ ನನಗೂ ಏನೂ ಅನ್ನಿಸಲಿಲ್ಲ.

ಹನ್ನೆರಡು ವರ್ಷಕ್ಕೆ ನನ್ನ ವಾರ್ನಿಶ್ ಹಳದಿಯಾಯಿತು. ಹೊಸ ಭೂಪಟ ಬಂತು. ನನ್ನನ್ನು ಸುತ್ತಿ, ಸೆಣಬಿನ ದಾರ ಬಿಗಿದು, ಬಸ್ಸಿನ ಟಾಪಿಗೆ ಹಾಕಿ ಹಳಿಯಾಳದ ಕಡೆಗೆ ಕಳಿಸಿದರು. ದಾರಿಯುದ್ದಕ್ಕೂ ನನಗೆ ಗೆದ್ದಲಿನದೇ ಚಿಂತೆ.

ಕಾಡಂಚಿನ ಆ ಸಣ್ಣ ಶಾಲೆಯಲ್ಲಿ ಗೆದ್ದಲಿರಲಿಲ್ಲ. ಅದಕ್ಕಿಂತ ದೊಡ್ಡ ಚಿಂತೆ ಕಾದಿತ್ತು. ಅಂಗಡಿ ಎಂಬ ಹೆಸರಿನ ಮಾಸ್ತರರು ಮೊದಲ ದಿನ ನನ್ನನ್ನು ಬಿಚ್ಚಿದಾಗ ಕೆಳಗೆ ನೋಡಿದೆ. ಅರ್ಧ ತರಗತಿ ಸಿದ್ದಿ ಮಕ್ಕಳು. ಗುಂಗುರು ಕೂದಲು, ಕಪ್ಪು ಮೈಬಣ್ಣ. ಅವರ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಿಡಿದು ತಂದು ಗೋವೆಯಲ್ಲಿ ಗುಲಾಮರನ್ನಾಗಿ ಇಟ್ಟುಕೊಂಡಿದ್ದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಾಡು ಸೇರಿ, ಇಲ್ಲಿಯವರೇ ಆಗಿ ಹೋಗಿದ್ದರು. ಅವರ ಮಕ್ಕಳ ಎದುರಿಗೆ ನಾನು ಆ ಭರ್ಚಿಯವನನ್ನು ಹೊತ್ತು ನಿಂತಿದ್ದೆ.

ಅಂಗಡಿ ಮಾಸ್ತರರು ಕೆಟ್ಟವರಲ್ಲ. ಆಗಷ್ಟೇ ಒಂದು ತರಬೇತಿ ಮುಗಿಸಿ ಬಂದಿದ್ದರು. 'ಪಾಠವನ್ನು ಮಗುವಿನ ಬದುಕಿಗೆ ಜೋಡಿಸಬೇಕು' ಎಂದು ಅಲ್ಲಿ ಬರೆದುಕೊಂಡಿದ್ದರು. ಆರನೆಯ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುವ ಹುಡುಗಿ ಫ್ಲೋರಿನಾ ಸಿದ್ದಿ. ಅವಳನ್ನೇ ಕರೆದರು.

"ಬಾರವಾ ಫ್ಲೋರಿನಾ. ಇದು ನಿಮ್ಮ ದೇಶ ನೋಡು. ಎಲ್ಲಾರಿಗೂ ತೋರಸು."

ಅವಳಿಗೆ ಖುಷಿಯಾಗುತ್ತದೆ ಎಂದೇ ಅವರು ತಿಳಿದಿದ್ದರು. ಹುಡುಗಿ ಎದ್ದು ನನ್ನ ಹತ್ತಿರ ಬಂದಳು. ಕೋಲು ಹಿಡಿದಳು. ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಳು. ಮುಂದಿನ ಸಾಲಿನ ಮಲ್ಲೇಶಿ ಕೈ ಚಾಚಿ ಕೂಗಿದ.

"ಸರ್, ಅಲ್ಲಿ ಮೂಲ್ಯಾಗ ನೋಡ್ರಿ, ಅವರ ಕಾಕಾ! ಭರ್ಚಿ ಹಿಡಕೊಂಡು ನಿಂತಾನ!"

ತರಗತಿ ಗೊಳ್ಳೆಂದಿತು. ಮಾಸ್ತರರು ಬಾಯಿ ತೆರೆಯುವಷ್ಟರಲ್ಲಿ ಫ್ಲೋರಿನಾ ನನ್ನ ಕೆಳಗಿನ ಕೋಲನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದಳು. ಮೊಳೆ ಕಿತ್ತುಬಂತು. ಈಜಿಪ್ಟಿನಿಂದ ಹಿಡಿದು ಕಾಂಗೋ ತನಕ ನಾನು ಪರ್ರನೆ ಹರಿದೆ. ಅವಳು ಪಾಟಿಚೀಲವನ್ನೂ ಎತ್ತಿಕೊಳ್ಳದೆ ಹೊರಗೆ ಓಡಿದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ನನ್ನನ್ನು ಕಪಾಟಿನ ಮೇಲೆ ಇಟ್ಟಿದ್ದರು. ದಿನಾ ಬೆಳಿಗ್ಗೆ ಹಾಜರಿ ಕರೆಯುವುದು ಕೇಳಿಸುತ್ತಿತ್ತು. "ಫ್ಲೋರಿನಾ" ಎಂದಾಗ ಯಾರೂ ಓ ಅನ್ನುತ್ತಿರಲಿಲ್ಲ. ಸತತ ಒಂದು ತಿಂಗಳು ಬಾರದಿದ್ದರೆ ಹೆಸರು ತೆಗೆದುಬಿಡುವುದು ಆ ಶಾಲೆಯ ರೂಢಿ. ಅವಳ ಅಕ್ಕ ಹೀಗೇ ಹೆಸರು ಹೋಗಿ, ಈಗ ಗೋವೆಯಲ್ಲಿ ಯಾರದೋ ಮನೆಯ ಪಾತ್ರೆ ತಿಕ್ಕುತ್ತಿದ್ದಳು. ಇವಳಿಗೂ ಅದೇ ಬಸ್ಸು ಕಾದಿದೆ ಎಂದು ಮಕ್ಕಳು ಮಾತಾಡಿಕೊಳ್ಳುತ್ತಿದ್ದರು. ನಾನು ದಿನ ಎಣಿಸುತ್ತ ಕುಗ್ಗಿಹೋದೆ. ಹರಿದ ಮೈಯ ನೋವು ನನಗೆ ನೆನಪೇ ಆಗಲಿಲ್ಲ. ಒಂದು ಮಗುವನ್ನು ಶಾಲೆ ಬಿಡಿಸಿದ ಪಾಪ ನನ್ನದಾಗುತ್ತದಲ್ಲ ಎಂಬುದೊಂದೇ ಭಯ.

ಹದಿನೆಂಟನೆಯ ದಿನ ಮಾಸ್ತರರು ನನ್ನನ್ನು ಸೈಕಲ್ಲಿಗೆ ಕಟ್ಟಿಕೊಂಡು ಫ್ಲೋರಿನಾಳ ಮನೆಗೆ ಹೋದರು. ಅಂಗಳದಲ್ಲಿ ಅವಳ ಅಜ್ಜಿ ಲುವಿಜಾ ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸಿ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಅದು. ಮಾಸ್ತರರಿಗೆ ಕ್ಷಮೆ ಕೇಳಬೇಕೆಂದು ಇತ್ತು. ಬಾಯಿಗೆ ಬಂದದ್ದು ಬೇರೆ.

"ಇದೊಂದು ಹರದೈತಿ ಅಜ್ಜಿ. ಹೊಲದು ಕೊಡ್ತೀರೇನು?"

ಅಜ್ಜಿ ನನ್ನನ್ನು ತಿರುವಿ ನೋಡಿದರು. ಬಾಗಿಲ ಹಿಂದೆ ಫ್ಲೋರಿನಾಳ ಪಾದ ಕಾಣುತ್ತಿತ್ತು.

"ಹೊಲೀತೇನ್ರಿ ಮಾಸ್ತರ. ಆದ್ರ ನನಗ ಅಕ್ಷರ ಬರೂದಿಲ್ಲ. ಯಾವ ತುಂಡಿಗೆ ಯಾವ ತುಂಡು ಅಂತ ಈ ಕೂಸು ಓದಿ ಹೇಳಬೇಕು. ಹರದಾಕಿನೂ ಅಕೀನ ಅಲ್ಲೇನು?"

ಹೀಗೆ ನಾನು ಆ ಅಂಗಳದಲ್ಲಿ ಉಳಿದೆ. ಮನೆಯಲ್ಲಿ ಅವರು ಕೊಂಕಣಿ ಬೆರೆತ ಮಾತು ಆಡುತ್ತಿದ್ದರು. ನನಗೆ ಗೊತ್ತಿರುವುದು ಕನ್ನಡ ಮಾತ್ರ, ತಿಳಿದಷ್ಟು ಹೇಳುತ್ತೇನೆ. ಮೊದಲ ದಿನ ಫ್ಲೋರಿನಾ ಮುಖ ತಿರುಗಿಸಿ ಕೂತಳು. ಅವಳ ಪಕ್ಕದಲ್ಲೇ ಕತ್ತರಿ ಇತ್ತು. ಅದನ್ನು ಒಮ್ಮೆ ನೋಡುವಳು, ನನ್ನ ಮೂಲೆಯನ್ನು ಒಮ್ಮೆ ನೋಡುವಳು. ನನ್ನ ಜೀವ ಬಾಯಿಗೆ ಬಂದಿತ್ತು. ಆದರೆ ಅಜ್ಜಿ ಬೇಕೆಂದೇ ನೈಲ್ ನದಿಯ ಬಾಯಿಗೆ ಕಾಂಗೋದ ಕಾಡನ್ನು ಇಟ್ಟು ಸೂಜಿ ಚುಚ್ಚಲು ಹೋದಾಗ ಅವಳಿಗೆ ತಡೆಯಲಾಗಲಿಲ್ಲ.

"ಅಲ್ಲಲ್ಲ ಅಜ್ಜಿ! ಅದು ನೈಲ್. ಅದು ಮ್ಯಾಲ ಹೋಗಿ ಸಮುದ್ರಕ್ಕ ಬೀಳ್ತೈತಿ. ಕಾಂಗೋ ಬ್ಯಾರೆ, ಅದು ಈ ಕಡೆ."

"ಹಂಗೇನು? ನದಿ ಮ್ಯಾಲಕ್ಕ ಹರೀತೈತೇನು?"

"ಮ್ಯಾಲ ಅಂದ್ರ ಉತ್ತರ!"

ಅಲ್ಲಿಂದ ದಿನಾ ಪಾಠ. ಅಜ್ಜಿ ಕೇಳುವರು, ಮೊಮ್ಮಗಳು ಓದುವಳು. ಸಹಾರಾದಲ್ಲಿ ಒಂಟೆ, ದಕ್ಷಿಣದ ಬಯಲಿನಲ್ಲಿ ಉಷ್ಟ್ರಪಕ್ಷಿ, ಪೂರ್ವದ ಸಮುದ್ರದಲ್ಲಿ ಮಡಗಾಸ್ಕರ್ ದ್ವೀಪ. ಒಂದು ದಿನ ಅಜ್ಜಿಯ ಬೆರಳು ಮೂಲೆಯ ಗಂಡಸಿನ ಮೇಲೆ ನಿಂತಿತು.

"ಇಂವ ಯಾರು?"

ಫ್ಲೋರಿನಾ ತಲೆ ತಗ್ಗಿಸಿದಳು. "ಅಂವ ನಾವಂತ. ಸಾಲ್ಯಾಗ ಅಂತಾರ."

ಅಜ್ಜಿ ನನ್ನನ್ನು ಕಣ್ಣಿನ ಹತ್ತಿರ ತಂದುಕೊಂಡರು. ನಾನು ನಾಚಿಕೆಯಿಂದ ಸತ್ತೇ ಹೋದೆ.

"ನಮ್ಮ ಹಿರೇರು ಆ ಕಡೆಯಿಂದ ಬಂದೋರು ಖರೇ. ಅದಕ್ಕ ಯಾಕ ತಲಿ ತಗ್ಗಸ್ತಿ? ಹಿಡದು ತಂದೋರು ತಗ್ಗಸ್ಲಿ. ಅವರಿಗೂ ಅಲ್ಲಿ ಊರಿತ್ತು, ಮನಿ ಇತ್ತು, ಹೆಸರಿತ್ತು. ಇಂವಗ ಹೆಸರ ಇಲ್ಲಲ್ಲ. ಹೆಸರಿಲ್ಲದಂವ ನಮ್ಮಂವ ಹೆಂಗಾದಾನು?"

ಇಪ್ಪತ್ತಾರನೆಯ ದಿನಕ್ಕೆ ಹೊಲಿಗೆ ಮುಗಿಯಿತು. ಮುಗಿಯಿತೆಂದು ನಾನು ತಿಳಿದೆ. ಆದರೆ ಅಜ್ಜಿ ಬಟ್ಟೆಯ ಗಂಟು ಬಿಚ್ಚಿ ನಾಲ್ಕು ತುಂಡು ಆರಿಸಿದರು. ಅವರ ಕೌದಿಗೆ ನಾಲ್ಕೂ ಮೂಲೆಯಲ್ಲಿ ಮಡಿಸಿದ ಬಟ್ಟೆಯ ಹೂ ಹೊಲಿಯಬೇಕು. ಫುಲ ಎನ್ನುತ್ತಾರೆ. ಫುಲ ಇಲ್ಲದ ಕೌದಿ ಬತ್ತಲೆ ಕೌದಿ.

"ಇದು ಕೌದಿ ಅಲ್ಲಜ್ಜಿ, ನಕಾಶಾ!" ಎಂದು ಫ್ಲೋರಿನಾ ಹೌಹಾರಿದಳು. "ಆ ಮೂಲ್ಯಾಗ ದಿಕ್ಕಿನ ಬಾಣ ಐತಿ, ಈ ಮೂಲ್ಯಾಗ ಅಳತಿ ಪಟ್ಟಿ ಐತಿ. ಮುಚ್ಚಿ ಹೋಗ್ತಾವು!"

"ನನ್ನ ಕೈಯಾಗ ಹೊಲಿಸ್ಕೊಂಡದ್ದು ಬತ್ತಲೆ ಹೊರಗ ಹೋಗಂಗಿಲ್ಲ" ಎಂದರು ಅಜ್ಜಿ.

ಹೋಯಿತು ನನ್ನ ಉತ್ತರ ದಿಕ್ಕು. ಹೋಯಿತು ಅಳತೆ. ಮೂರನೆಯ ಹೂವಿನಡಿ ಅಟ್ಲಾಂಟಿಕ್ ಸಾಗರ ಒಂದಿಷ್ಟು ಕಿರಿದಾಯಿತು. ಇಂಥ ಭೂಪಟವನ್ನು ಯಾವ ಶಾಲೆ ಒಳಗೆ ಬಿಟ್ಟುಕೊಳ್ಳುತ್ತದೆ ಎಂದು ನಾನು ನಡುಗುತ್ತಿದ್ದೆ. ನಾಲ್ಕನೆಯ ಮೂಲೆಗೆ ಬಂದಾಗ ಫ್ಲೋರಿನಾ ಗಂಟಿನಲ್ಲಿ ಕೈ ಹಾಕಿದಳು. ನೀಲಿ ಬಟ್ಟೆಯ ತುಂಡೊಂದನ್ನು ಎಳೆದಳು. ಶಾಲೆ ಬಿಟ್ಟ ಅಕ್ಕನ ಸಮವಸ್ತ್ರದ ಲಂಗ. ಅದನ್ನು ಮಡಿಸಿ ಆ ಗಂಡಸಿನ ಮೇಲಿಟ್ಟು ಸೂಜಿ ತೆಗೆದುಕೊಂಡಳು. ಆ ಹೂವನ್ನು ಹೊಲಿದವಳು ಅವಳೇ.

ಇಪ್ಪತ್ತೊಂಬತ್ತನೆಯ ದಿನ ಬೆಳಿಗ್ಗೆ ಅಜ್ಜಿ ನನ್ನನ್ನು ಸುತ್ತಿ ಅವಳ ಹೆಗಲಿಗೆ ಇಟ್ಟರು. "ಹೊಲಿಯೂದು ನನ್ನ ಕೆಲಸ, ಮುಟ್ಟಸೂದು ನಿನ್ನ ಕೆಲಸ. ಕೊಟ್ಟು ತಿರುಗಿ ಬರ್ತಿಯೋ, ಅಲ್ಲೇ ಕೂಡ್ತಿಯೋ, ಅದನ್ನ ನಾ ಕೇಳೂದಿಲ್ಲ."

ಶಾಲೆಯ ಗೇಟಿನ ಹತ್ತಿರ ಅವಳ ಕಾಲು ನಿಂತಿತು. ಒಳಗಿನಿಂದ ಹಾಜರಿ ಕರೆಯುವ ದನಿ. ಅವಳು ಹಿಂದೆ ತಿರುಗಿ ನಾಲ್ಕು ಹೆಜ್ಜೆ ನಡೆದಳು. ನನಗೆ ಬಾಯಿದ್ದರೆ ಕೂಗುತ್ತಿದ್ದೆ. ಆಗ ಮಾಸ್ತರರ ದನಿ "ಫ್ಲೋರಿನಾ" ಎಂದಿತು. ಸ್ವಲ್ಪ ತಡೆದು, ಇನ್ನೊಮ್ಮೆ "ಫ್ಲೋರಿನಾ" ಎಂದಿತು. ಇರದವರ ಹೆಸರನ್ನು ಯಾರೂ ಎರಡು ಸಲ ಕರೆಯುವುದಿಲ್ಲ. ಅವಳು ತಿರುಗಿ, ಬಾಗಿಲಲ್ಲಿ ನಿಂತು, "ಬಂದೀನ್ರಿ" ಎಂದಳು.

ಮಾಸ್ತರರು ನನ್ನನ್ನು ಬಿಚ್ಚಿ ತೂಗುಹಾಕಿದರು. ನಾಲ್ಕು ಹೂವನ್ನೂ ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ಮಕ್ಕಳ ಕಡೆ ತಿರುಗಿದರು. "ಅವತ್ತ ನಾ ತಪ್ಪು ಮಾತಾಡಿದೆ. ಫ್ಲೋರಿನಾನ ದೇಶ ಇದು, ನಾವು ನಿಂತ ನೆಲ. ನಂದೂ ಇದ, ನಿಮ್ದೂ ಇದ. ಆಫ್ರಿಕಾದಾಗ ನಮ್ಮಂಗ ಸಾಲಿ ಅದಾವು, ಸಂತಿ ಅದಾವು, ಕೈರೋ, ನೈರೋಬಿ ಅಂತ ದೊಡ್ಡ ದೊಡ್ಡ ಪ್ಯಾಟಿ ಅದಾವು. ಯಾರು ಬಂದು ತೋರಸ್ತೀರಿ?"

ಯಾರೂ ಏಳಲಿಲ್ಲ. ಫ್ಲೋರಿನಾ ತಾನೇ ಎದ್ದು ಬಂದಳು. ಹತ್ತು ದಿನ ಅಜ್ಜಿಗೆ ಹೇಳಿ ಹೇಳಿ ಅವಳಿಗೆ ನಾನು ಬಾಯಿಪಾಠವಾಗಿದ್ದೆ. ನೈಲನ್ನು ಕೆಳಗಿನಿಂದ ಮೇಲಕ್ಕೆ ಎಳೆದು ತೋರಿಸಿದಳು, ಭೂಮಧ್ಯರೇಖೆ ದಾಟಿದಳು, ಕಿಲಿಮಂಜಾರೋ ಹತ್ತಿದಳು. ತರಗತಿ ಬಾಯಿ ಬಿಟ್ಟುಕೊಂಡು ಕೇಳುತ್ತಿತ್ತು. ಆಗಲೇ ಮಲ್ಲೇಶಿ ಎದ್ದು ಬಂದು, ನೀಲಿ ಹೂವಿನ ಅಂಚಿಗೆ ಬೆರಳು ಹಾಕಿ ಎತ್ತಲು ನೋಡಿದ.

"ಇಲ್ಲೊಬ್ಬ ಇದ್ದನಲ್ಲ. ಎಲ್ಲಿ ಹ್ವಾದ?"

ಫ್ಲೋರಿನಾ ಕೋಲಿನಿಂದ ಅವನ ಬೆರಳನ್ನು ಮೆಲ್ಲಗೆ ಸರಿಸಿದಳು. "ಅಂವ ಒಳಗ ಅಂಗಿ ಹಾಕ್ಕೊಳ್ಳಾಕತ್ತಾನ. ನಿನಗೇನು ಹಣಿಕಿ ಹಾಕೋ ಚಟ?"

ತರಗತಿ ಮತ್ತೆ ಗೊಳ್ಳೆಂದಿತು. ಈ ಸಲ ಮಲ್ಲೇಶಿ ಕಿವಿ ಕೆಂಪಗೆ ಮಾಡಿಕೊಂಡು ಹೋಗಿ ಕೂತ. ಫ್ಲೋರಿನಾಳ ಹೆಸರು ಹಾಜರಿಯಲ್ಲಿ ಉಳಿಯಿತು. ಏಳನೆಯದು ಮುಗಿಸಿ ಹಳಿಯಾಳದ ಹೈಸ್ಕೂಲಿಗೆ ಹೋದಳು ಎಂಬಲ್ಲಿಯವರೆಗೆ ನನಗೆ ಗೊತ್ತು.

ಈಗ ನಾನು ಮುದುಕ. ಮೈಮೇಲಿನ ದೇಶಗಳ ಹೆಸರು ಬದಲಾಗಿವೆ, ಸುಡಾನ್ ಎರಡಾಗಿದೆಯಂತೆ. ಹೊಸದಾಗಿ ಬಂದ ಸವಣೂರ ಟೀಚರ್ ಹೋದ ವಾರ ನನ್ನನ್ನು ರದ್ದಿಗೆ ಹಾಕಲೆಂದು ಇಳಿಸಿದರು. ದಿಕ್ಕಿಲ್ಲ, ಅಳತೆಯಿಲ್ಲ, ಇನ್ನೇನು ಉಪಯೋಗ? ನೀಲಿ ಹೂವಿನ ಹೊಲಿಗೆ ಒಂದು ಕಡೆ ಸಡಿಲಾಗಿತ್ತು. ಅವರು ಅದನ್ನು ಎತ್ತಿ ಒಳಗೆ ನೋಡಿದರು. ಆಮೇಲೆ ತಲೆ ಎತ್ತಿ ಎದುರಿಗೆ ಕೂತ ಮಕ್ಕಳನ್ನು ನೋಡಿದರು. ತಮ್ಮ ಚೀಲದಿಂದ ಸೂಜಿ ದಾರ ತೆಗೆದು, ಆ ಅಂಚನ್ನು ಒತ್ತೊತ್ತಾಗಿ ಹೊಲಿದು, ನನ್ನನ್ನು ಮತ್ತೆ ಗೋಡೆಗೆ ಹಾಕಿದರು.

ಇಷ್ಟು ವರ್ಷ ನಾನು ಮಕ್ಕಳಿಗೆ ನದಿ, ಗುಡ್ಡ, ಪ್ರಾಣಿಗಳನ್ನು ಹೇಳಿಕೊಟ್ಟೆ. ನದಿಯ ಉದ್ದ ತಪ್ಪಿ ಹೇಳಿದರೆ ಒಂದು ಅಂಕ ಹೋಗುತ್ತದೆ. ಮನುಷ್ಯರನ್ನು ತಪ್ಪಾಗಿ ತೋರಿಸಿದರೆ ಒಂದು ಮಗುವೇ ಹೋಗಬಹುದು. ಅದಕ್ಕೇ ಇಂದಿಗೂ ಬೆಳಿಗ್ಗೆ ಹಾಜರಿ ಕರೆಯುವಾಗ ನಾನು ಉಸಿರು ಬಿಗಿಹಿಡಿದು, ಎಲ್ಲರೂ ಓ ಅನ್ನುವವರೆಗೆ ಕೇಳುತ್ತಿರುತ್ತೇನೆ.