ದೇವರ ಕೋಣೆಯಲ್ಲಿದ್ದ ಪರ್ಮಿಟ್ಟು

"ಐದನೇ ಕ್ಲಾಸಂಗೆ ಶಾಲಿ ಬಿಟ್ಟವ ಸಾರ್ ಇವ. ಇವ್ನ ಕೈಗೆ ಕಾಗ್ದ ಕೊಡೂದೂ ಒಂದೇ, ಎಮ್ಮಿ ಬಾಯಿಗೆ ಹಾಕೂದೂ ಒಂದೇ."

ದಶಮಿಯ ಬೆಳಿಗ್ಗೆ, ಬೈಂದೂರಿನ ಶಾಮರಾಯರ ಹೋಟೆಲಿನ ಎದುರು, ಚಂದಯ್ಯ ಶೆಟ್ಟರು ಗಾಡಿ ತಪಾಸಣೆಯ ಬ್ರೇಕ್ ಇನ್ಸ್‌ಪೆಕ್ಟರಿಗೆ ಹೀಗೆ ಹೇಳಿದರು. ಬಸ್ಸಿಗೆ ಕಾದವರು, ಬನ್ಸ್ ತಿನ್ನುತ್ತಿದ್ದವರು ಎಲ್ಲ ನಕ್ಕರು. ಎಮ್ಮೆ ಎಂದರೆ ನಾನು, ಕುಷ್ಟ, ಶೆಟ್ಟರ ಲಾರಿಯ ಡ್ರೈವರು. ನನ್ನ ಲೈಸೆನ್ಸು ಇನ್ಸ್‌ಪೆಕ್ಟರರ ಅಂಗಿ ಜೇಬಿನಲ್ಲಿತ್ತು. ಓವರ್‌ಲೋಡಿಗೆಂದು ಅದರಲ್ಲಿ ಒಮ್ಮೆ ಬರೆದಾಗಿತ್ತು. ಹೇರಿಸಿದವರು ಶೆಟ್ಟರು, ಬರೆಸಿಕೊಂಡವನು ನಾನು. ಇನ್ನೊಮ್ಮೆ ಬರೆದರೆ ಲೈಸೆನ್ಸು ಅಮಾನತು. ಆಮೇಲೆ ನಾನು ಮತ್ತೆ ಶೆಟ್ಟರ ಗದ್ದೆಗೆ, ಕೆಸರಿನಲ್ಲಿ ಅಮ್ಮನ ಪಕ್ಕಕ್ಕೆ.

ನನ್ನ ಕೈಯಲ್ಲಿ ಒಂದು ಚೂರು ಕಾಗದ ಕಳೆದದ್ದಿಲ್ಲ. ಸೀಟಿನ ಅಡಿಯಲ್ಲಿ ಬಿಸ್ಕತ್ತಿನ ಹಳೇ ಡಬ್ಬಿಯೊಂದನ್ನು ಕಟ್ಟಿಕೊಂಡಿದ್ದೆ. ಮಳೆಗಾಲದಲ್ಲಿ ಕ್ಯಾಬಿನ್ನಿನೊಳಗೆ ನೀರು ಎಲ್ಲಿಂದ ಬರುತ್ತದೆಂದು ಹೇಳಲಿಕ್ಕಾಗದು. ಅದಕ್ಕೇ ಒಂದೊಂದು ಕಾಗದಕ್ಕೂ ಮೇಣಬಟ್ಟೆಯ ಚೀಲ, ಚೀಲದ ಬಾಯಿಗೆ ಬೇರೆ ಬೇರೆ ಬಣ್ಣದ ದಾರ. ಕಾಗದವೆಲ್ಲ ಇಂಗ್ಲಿಷು, ದಾರ ಕಂಡರೆ ನನಗೆ ಸಾಕು. ರಸ್ತೆಯಲ್ಲಿ ಯಾರಾದರೂ ಕೈ ಅಡ್ಡ ಹಿಡಿದರೆ ಇಂಜಿನ್ ನಿಲ್ಲಿಸಬೇಕು, ತಲೆಗೆ ಸುತ್ತಿದ ಬೈರಾಸು ತೆಗೆದು ಕೆಳಗಿಳಿಯಬೇಕು, ಕೇಳುವ ಮೊದಲೇ ಕಾಗದ ಕೈಗೆ ಕೊಡಬೇಕು. ಹುಡುಕುತ್ತ ನಿಂತೆವೋ, ಅವರಿಗೆ ಸಂಶಯ. ಆಮೇಲೆ ಟಯರಿನಿಂದ ಹಾರನ್ನಿನವರೆಗೆ ಎಲ್ಲದರಲ್ಲೂ ತಪ್ಪು ಸಿಗುತ್ತದೆ.

ಹಿಂದಿನ ದಿನ ಆಯುಧಪೂಜೆ. ಶಿರೂರಿಗೆ ಹೋಗಬೇಕಾದ ಹಂಚು ಹೇರಿಕೊಂಡು ಲಾರಿ ಶೆಟ್ಟರ ಅಂಗಳದಲ್ಲಿ ನಿಂತಿತ್ತು. ಅದಕ್ಕೆ ಹೂವಿನ ಮಾಲೆ, ಚಕ್ರದಡಿಗೆ ನಿಂಬೆಹಣ್ಣು. ಶೆಟ್ಟರ ಹೆಂಡತಿ ಉಮಾವತಿ ಅಮ್ಮ ಮಕ್ಕಳ ಪುಸ್ತಕದ ಜೊತೆ ಲಾರಿಯ ಕಾಗದಗಳನ್ನೂ ದೇವರ ಕೋಣೆಯಲ್ಲಿಟ್ಟು, ಚೀಲ ಬಿಚ್ಚಿ ಒಳಗೂ ಕುಂಕುಮ ಹಾಕಿದರು. ಆ ದಿನ ಗಾಡಿ ಓಡಿಸುವುದಿಲ್ಲವಲ್ಲ, ನಾನೇ ಡಬ್ಬಿಯಿಂದ ತೆಗೆದು ಕೊಟ್ಟಿದ್ದೆ. ಊಟ ಮುಗಿಯುವಷ್ಟರಲ್ಲಿ ಶಿರೂರಿನಿಂದ ಜನ ಬಂತು: ಹಂಚು ಇವತ್ತೇ ಬೇಕು.

"ಪೂಜಿ ಆಯ್ತಲೆ, ಹೊರ್ಡ್" ಎಂದರು ಶೆಟ್ಟರು.

"ಕಾಗ್ದ ಕೊಡಿ ಒಡ್ಯಾ."

"ದೇವ್ರ ಎದ್ರ್ ಇಟ್ಟದ್ದ್ ನಾಳಿನ ಪೂಜಿ ಆಪಲ್ಲಿವರಿಗೆ ಮುಟ್ಟುಕಾಗ" ಎಂದು ಉಮಾವತಿ ಅಮ್ಮ ಬಾಗಿಲಿಗೆ ಅಡ್ಡ ನಿಂತರು.

"ಕಾಗ್ದ ಮುಟ್ಟುಕಾಗ, ಲಾರಿ ಮುಟ್ಲಕ್ಕಾ ಅಮ್ಮ?"

ಶೆಟ್ಟರು ನಕ್ಕರು. "ನಿನ್ ಬಾಯಿ ಒಂದ್! ಹಬ್ಬದ ದಿನ ಯಾವ ಇನ್ಸ್‌ಪೆಕ್ಟರ್ ರಸ್ತಿ ಮೇಲ್ ನಿಂತ್ಕಂತ ಮರಾಯಾ? ಕೇಂಡ್ರೆ ನನ್ ಹೆಸ್ರ್ ಹೇಳ್. ನಾನಿದ್ದೆ ಅಲ್ದಾ?"

ಕಿರಿಮಂಜೇಶ್ವರ ದಾಟುವಾಗಲೇ ಜೀಪು ನಿಂತಿತ್ತು. ಇಳಿದೆ, ಬೈರಾಸು ತೆಗೆದೆ, ಶೆಟ್ಟರ ಹೆಸರು ಹೇಳಿದೆ.

"ಶೆಟ್ಟರ ಹೆಸರು ಪರ್ಮಿಟ್ಟೇನಯ್ಯಾ?" ಎಂದ ಇನ್ಸ್‌ಪೆಕ್ಟರು ಲೈಸೆನ್ಸು ಕಿತ್ತುಕೊಂಡರು. ಲಾರಿಯನ್ನು ಬೈಂದೂರಿನಲ್ಲಿ ನಿಲ್ಲಿಸಬೇಕು, ಬೆಳಿಗ್ಗೆ ಓನರು ಕಾಗದ ತರಬೇಕು ಎಂದರು. ಬಸ್ಸಿನವರ ಬಳಿ ಶೆಟ್ಟರಿಗೆ ಹೇಳಿ ಕಳಿಸಿ ರಾತ್ರಿ ಹಂಚಿನ ಮೇಲೆಯೇ ಬಿದ್ದುಕೊಂಡೆ. ಶೆಟ್ಟರು ಬಂದರೆ ಸರಿಯಾಗುತ್ತದೆ ಎಂದುಕೊಂಡಿದ್ದೆ.

ಬಂದರು. ಬಂದವರೇ ಎಮ್ಮೆ ಎಂದರು. ಮತ್ತೆ, "ನಮ್ ಜಗಲಿ ಮೇಲೇ ಬಿಟ್ಟಿಕ್ ಹೋಯ್ದ ಸಾರ್. ನಾನ್ ಕಂಡದ್ದಕ್ಕೆ ಆಯ್ತ್."

"ಪರ್ಮಿಟ್ ಕೊಡಿ" ಎಂದರು ಇನ್ಸ್‌ಪೆಕ್ಟರು.

ಶೆಟ್ಟರು ಹಸುರು ದಾರದ್ದು ಕೊಟ್ಟರು. ಅದು ಇನ್ಶೂರೆನ್ಸು. ಹಳದಿಯದ್ದು ಕೊಟ್ಟರು. ಅದೂ ಅಲ್ಲ. ಪರ್ಮಿಟ್ಟಿನದು ಯಾವ ದಾರ ಎಂದು ನನಗೆ ಗೊತ್ತಿತ್ತು, ತೆಗೆದುಕೊಡಲಿಲ್ಲ. ಕೊನೆಗೆ ಕೆಂಪು ದಾರ ಬಿಚ್ಚಿದಾಗ ಪರ್ಮಿಟ್ಟಿನ ಮಡಿಕೆಯಿಂದ ಕುಂಕುಮ ಉದುರಿತು.

"ಇದೇನ್ರಿ?"

ನಾನೆಂದೆ, "ಜಗಲಿ ಮೇಲೆ ಬಿಟ್ಟದ್ದಕ್ಕೆ ಕುಂಕುಮ ಹಾಕೂದ್ ಯಾರ್ ಸಾರ್? ಅದ್ ದೇವ್ರ ಕ್ವಾಣಿಯಂಗೆ ಇದ್ದದ್ದ್. ಕೇಂಡೆ, ಕೊಡ್ಲಿಲ್ಲೆ."

ಇನ್ಸ್‌ಪೆಕ್ಟರು ಪರ್ಮಿಟ್ಟನ್ನು ನೋಡಿದರು, ಶೆಟ್ಟರನ್ನು ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು, ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಚಪ್ಪಲಿಯಿಂದ ಕಾಲು ಹೊರತೆಗೆದು ಪರ್ಮಿಟ್ಟನ್ನು ಎರಡೂ ಕಣ್ಣಿಗೊತ್ತಿಕೊಂಡು ಶೆಟ್ಟರಿಗೆ ವಾಪಸು ಕೊಟ್ಟರು.

ನನ್ನ ಕಡೆ ತಿರುಗಿ, "ಕಾಗದ ಇಲ್ಲದೆ ಗಾಡಿ ತೆಗೆದವನು ನೀನು, ಹೌದೋ ಅಲ್ಲವೋ?"

"ಹೌದು."

ಲೈಸೆನ್ಸನ್ನು ಬಾನೆಟ್ಟಿನ ಮೇಲಿಟ್ಟು ಎರಡನೇ ಸಲ ಬರೆದರು. ಲೈಸೆನ್ಸು ಅವರ ಜೇಬಿನಲ್ಲೇ ಹೋಯಿತು.

ಜೀಪಿನ ಧೂಳು ಇಳಿದ ಮೇಲೆ ಶೆಟ್ಟರ ದನಿ ಮೆತ್ತಗಾಯಿತು. "ಬೇಜಾರ್ ಮಾಡ್ಕಣ್ಬೇಡ ಕುಷ್ಟ. ನನ್ ಮೇಲ್ ಕೇಸ್ ಆದ್ರೆ ಲಾರಿಯೇ ನಿಂತ್ಹೋತ್ತ್. ನಿಂಗೆ ಗದ್ದಿ ಕೆಲ್ಸ ಇತ್ತಲೆ, ನಿನ್ ಅಮ್ಮನ ಒಟ್ಟಿಗೆ ಬಾ."

ನಾನು ಲಾರಿ ಹತ್ತಿದೆ. ಡಬ್ಬಿಯ ಕಟ್ಟು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಇಳಿದೆ. ಕೀಲಿಯನ್ನು ಸೀಟಿನ ಮೇಲೆ ಬಿಟ್ಟೆ.

"ಹ್ವಾಯ್, ನಿಲ್ ಮರಾಯಾ" ಎಂದರು ಶೆಟ್ಟರು. ಅವರ ಕೈತುಂಬ ಚೀಲ, ದಾರಗಳೆಲ್ಲ ಒಂದಕ್ಕೊಂದು ಸಿಕ್ಕುಬಿದ್ದಿದ್ದವು. "ಹೊಸ ಡ್ರೈವರ್ ಬತ್ತ. ಯಾವ ದಾರದಂಗೆ ಎಂತ ಇತ್ತ್ ಅಂದೇಳಿ ಹೇಳಿಕ್ ಹೋಗ್."

ಕುಂದಾಪುರದ ಕಡೆಯ ರಸ್ತೆ ಹಿಡಿದೆ.

"ಹ್ವಾಯ್ ಕುಷ್ಟಾ! ನೀಲಿ ಎಂತದಾ? ನೀಲಿ?"

ನಡೆದೆ.